ಹೊಲ ಇನ್ನೊಬ್ಬರ ಕಬ್ಜಾದಲ್ಲಿದೆ, ದಾವೆಗೆ ಗಡುವು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಸೋಮವಾರ ಬಂತೆಂದರೆ ಆಫೀಸಿನ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಮಂದಿಯದು ಹೊಲದ ತಕರಾರು. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಇದನ್ನು ಓದಿ ನೀವೇ ದಾವೆ ಬರೆಯಿರಿ ಅಂತಲ್ಲ. ವಕೀಲರ ಹತ್ತಿರ ಹೋಗುವಾಗ ಏನು ಕೇಳಬೇಕು, ಯಾವ ಕಾಗದ ಒಯ್ಯಬೇಕು ಅನ್ನುವುದು ಗೊತ್ತಿರಲಿ ಅಂತ.

ಪಹಣಿ ನನ್ನ ಹೆಸರಲ್ಲೇ ಇದೆ, ಕಂದಾಯ ನಾನೇ ಕಟ್ಟುತ್ತೇನೆ. ನನಗ್ಯಾಕೆ ಗಡುವು?

2024ರಲ್ಲಿ ಹಿರಿಯ ರೈತರೊಬ್ಬರು ಬಂದಿದ್ದರು. ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ. ಅದರ ತುಂಬ ಕಂದಾಯದ ರಸೀದಿಗಳು. ಒಂದನ್ನೂ ಕಳೆದಿಲ್ಲ. ಹಳೆಯವು ಮಡಿಕೆ ಬಿದ್ದಲ್ಲಿ ಹರಿದು ಎರಡಾಗಿದ್ದವು. "ನೋಡ್ರಿ ವಕೀಲ್ರೆ, ಒಂದು ವರ್ಷಾನೂ ತಪ್ಪಿಸಿಲ್ಲ" ಅಂದರು. ಹೊಲ ಯಾರು ಬಿತ್ತುತ್ತಾರೆ ಅಂತ ಕೇಳಿದೆ. 2005ರಿಂದ ಪಕ್ಕದ ಹೊಲದವರು ಬಿತ್ತುತ್ತಿದ್ದಾರಂತೆ. ಹಳೇ ಪಹಣಿ ತೆಗೆಸಿ ನೋಡಿದೆವು. ಮಾಲೀಕರ 9ನೇ ಕಾಲಂನಲ್ಲಿ ಇವರ ಹೆಸರು, ಸಾಗುವಳಿದಾರರ 12ನೇ ಕಾಲಂನಲ್ಲಿ ಅವರ ಹೆಸರು.

ನಮ್ಮ ಕಡೆ ಜನ ಮೋಸ ಹೋಗುವುದು ಇಲ್ಲೇ. ಪಹಣಿ, ಖಾತೆ, ರಸೀದಿ ಇದ್ದರೆ ಹೊಲ ಎಲ್ಲಿಗೂ ಹೋಗಲ್ಲ ಅಂದುಕೊಳ್ಳುತ್ತಾರೆ. ಕಾಗದದಲ್ಲಿ ಹೊಲ ನಿಮ್ಮದಿರಬಹುದು. ಆದರೆ ಅದನ್ನು ಬಿಡಿಸಿಕೊಡಿ ಅಂತ ಕೋರ್ಟನ್ನು ಕೇಳುವ ಹಕ್ಕಿಗೆ ಕಾನೂನು ಒಂದು ಗಡುವು ಇಟ್ಟಿದೆ. ಕಂದಾಯ ಕಟ್ಟಿದ ಮಾತ್ರಕ್ಕೆ ಆ ಗಡುವು ನಿಲ್ಲುವುದಿಲ್ಲ. ಈ ರೈತರ ಕೇಸು ಏನಾಯ್ತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಸರಿ, ಎಷ್ಟು ವರ್ಷ? ಯಾವತ್ತಿನಿಂದ ಲೆಕ್ಕ?

ಖಾಸಗಿ ಜಮೀನಿಗೆ 12 ವರ್ಷ. 1963ರ ಲಿಮಿಟೇಶನ್ (ಕಾಲಮಿತಿ) ಕಾಯ್ದೆಯಲ್ಲಿ ಇದಕ್ಕೆ ಎರಡು ಅನುಚ್ಛೇದಗಳಿವೆ, 64 ಮತ್ತು 65. ಎರಡರಲ್ಲೂ ವರ್ಷ ಒಂದೇ, ಲೆಕ್ಕ ಶುರುವಾಗುವ ದಿನ ಬೇರೆ.

ಮಾಲೀಕತ್ವದ ಕಾಗದ ಗಟ್ಟಿ ಇಲ್ಲ, ಆದರೆ ಹೊಲ ನಿಮ್ಮ ಕಬ್ಜಾದಲ್ಲಿತ್ತು, ಅಲ್ಲಿಂದ ನಿಮ್ಮನ್ನು ಎಬ್ಬಿಸಿದರು ಅಂದರೆ 64 ಅನ್ವಯಿಸುತ್ತದೆ. ಎಬ್ಬಿಸಿದ ದಿನದಿಂದ ಎಣಿಕೆ. ಹೊಲ ನನ್ನದು, ಇದೋ ಕ್ರಯಪತ್ರ, ಇದೋ ವಾಟ್ನಿ ಪತ್ರ (ಪಾಲುಪಟ್ಟಿ) ಅಂತ ಮಾಲೀಕತ್ವದ ಮೇಲೆ ಹೋದರೆ 65. ಆಗ ಎದುರಿನವರ ಕಬ್ಜಾ ನಿಮಗೆ ವಿರುದ್ಧವಾಗಿ ತಿರುಗಿದ ದಿನದಿಂದ, ಅಂದರೆ ನಿಮ್ಮ ಹಕ್ಕನ್ನು ಅಲ್ಲಗಳೆದು ಹೊಲ ತಮ್ಮದೇ ಅಂತ ಇಟ್ಟುಕೊಂಡ ದಿನದಿಂದ ಎಣಿಕೆ. ಈ ಎರಡನೇ ದಾರಿ ನಿಮಗೆ ಅನುಕೂಲ. ನಿಮ್ಮ ಮಾಲೀಕತ್ವ ನೀವು ತೋರಿಸಿದರೆ ಸಾಕು. ಯಾವತ್ತಿನಿಂದ ವಿರುದ್ಧ ಅನ್ನುವುದನ್ನು ಸಾಬೀತು ಮಾಡುವ ಭಾರ ಎದುರಿನವರ ಮೇಲೆ ಬೀಳುತ್ತದೆ.

ಲೆಕ್ಕ ಸುಲಭ. 2014ರ ಜೂನ್ 20ರಂದು ಎಬ್ಬಿಸಿದ್ದರೆ ಆ ದಿನ ಬಿಟ್ಟು ಎಣಿಸಬೇಕು. ಕೊನೇ ದಿನ 2026ರ ಜೂನ್ 20. ಇನ್ನೊಂದು ಮಾತು: ಮಳೆ ಇಲ್ಲ ಅಂತ ನೀವೇ ಹೊಲ ಬೀಳು ಬಿಟ್ಟರೆ ಗಡುವು ಶುರುವಾಗುವುದಿಲ್ಲ. ಬೇರೆಯವರು ಬಂದು ನೇಗಿಲು ಹೂಡಬೇಕು.

ಹೋದ ತಿಂಗಳಷ್ಟೇ ಜೋರು ಮಾಡಿ ಎಬ್ಬಿಸಿದ್ದಾರೆ. ಬೇಗ ಆಗುವ ದಾರಿ ಇದೆಯಾ?

ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಎಬ್ಬಿಸಿ 6 ತಿಂಗಳಾಗುವುದರೊಳಗೆ ದಾವೆ ಹಾಕಬೇಕು. ಇಲ್ಲಿ ಮಾಲೀಕ ಯಾರು ಅಂತ ಕೋರ್ಟ್ ಕೇಳುವುದೇ ಇಲ್ಲ. ಕಬ್ಜಾ ಯಾರದಿತ್ತು, ಕಾನೂನು ಬಿಟ್ಟು ಎಬ್ಬಿಸಿದರಾ, ಇಷ್ಟೇ. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿವಿಷನ್ ಮಾತ್ರ. ಬಳ್ಳಾರಿ, ಕೊಪ್ಪಳದವರು ಅದಕ್ಕೆ ಧಾರವಾಡ ಪೀಠಕ್ಕೆ ಹೋಗಬೇಕು, ರಾಯಚೂರಿನವರು ಕಲಬುರಗಿ ಪೀಠಕ್ಕೆ. ಎಬ್ಬಿಸಿದ್ದು ಸರ್ಕಾರವಾದರೆ ಈ ದಾರಿ ಇಲ್ಲ. ಇದರಲ್ಲಿ ಸೋತರೂ ಮಾಲೀಕತ್ವದ ದಾವೆ ಬೇರೆಯಾಗಿ ಹಾಕಬಹುದು.

ಹೊಡೆದಾಟ ಆಗುವ ಹಾಗಿದ್ದರೆ ತಾಲ್ಲೂಕು ಮ್ಯಾಜಿಸ್ಟ್ರೇಟರ ಮುಂದೆಯೂ ಒಂದು ದಾರಿ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 145 ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 164 ಆಗಿದೆ. ಪೊಲೀಸರ ವರದಿಗೆ ಹಿಂದಿನ 2 ತಿಂಗಳಲ್ಲಿ ಬಲವಂತದಿಂದ ಎಬ್ಬಿಸಿದ್ದರೆ, ಕಬ್ಜಾ ಇನ್ನೂ ನಿಮ್ಮದೇ ಅಂತ ಮ್ಯಾಜಿಸ್ಟ್ರೇಟರು ಪರಿಗಣಿಸಬಹುದು. ಇದು ಶಾಂತಿ ಕಾಪಾಡುವ ವ್ಯವಸ್ಥೆ ಮಾತ್ರ. ಹೊಲ ಯಾರದು ಅನ್ನುವ ತೀರ್ಮಾನ ಅಲ್ಲಿ ಆಗುವುದಿಲ್ಲ.

12 ವರ್ಷ ಮುಗಿದರೆ ಏನಾಗುತ್ತೆ?

ಸಾಲದ ವಿಷಯದಲ್ಲಿ ಗಡುವು ಮುಗಿದರೆ ದಾವೆ ಹಾಕಲು ಬರುವುದಿಲ್ಲ, ಆದರೆ ಸಾಲ ಸಾಲವಾಗಿಯೇ ಉಳಿಯುತ್ತದೆ. ಹೊಲದ ವಿಷಯ ಹಾಗಲ್ಲ. ಲಿಮಿಟೇಶನ್ ಕಾಯ್ದೆಯ 27ನೇ ಕಲಂ ಪ್ರಕಾರ ಗಡುವು ಮುಗಿದರೆ ನಿಮ್ಮ ಹಕ್ಕೇ ಹೋಗುತ್ತದೆ. ಅಷ್ಟೇ ಅಲ್ಲ, 2019ರಲ್ಲಿ ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೀಗೆ ಮಾಲೀಕರಿಗೆ ವಿರುದ್ಧವಾಗಿ ಗಡುವು ಮುಗಿಯುವವರೆಗೆ ಕಬ್ಜಾ ಇಟ್ಟುಕೊಳ್ಳುವುದಕ್ಕೆ ಪ್ರತಿಕೂಲ ಸ್ವಾಧೀನ ಅನ್ನುತ್ತಾರೆ. ಅದರಿಂದ ಹಕ್ಕು ಪಡೆದವರು ತಾವೇ ವಾದಿಯಾಗಿ ಬಂದು "ಹೊಲ ನಮ್ಮದು ಅಂತ ಘೋಷಿಸಿ" ಎಂದು ಕೇಳಬಹುದು ಅಂದಿತು. ಇದು ನ್ಯಾಯವಾ ಅಂತ ಕಕ್ಷಿದಾರರು ನನ್ನನ್ನೇ ದಬಾಯಿಸುತ್ತಾರೆ. ಕಾನೂನು ಬದಲಿಸಬೇಕಾ ಅಂತ ಲಾ ಕಮಿಷನ್ ನೋಡಿ, 2023ರ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡ ಅಂದಿದೆ. ಹಾಗಾಗಿ ಸದ್ಯಕ್ಕೆ ಇದೇ.

ಅಂದ್ರೆ 12 ವರ್ಷ ಸುಮ್ನೆ ಉಳುಮೆ ಮಾಡಿದವರಿಗೆಲ್ಲ ಹೊಲ ಹೋಗುತ್ತಾ?

ಇಲ್ಲ, ಗಾಬರಿ ಆಗಬೇಡಿ. ಕಬ್ಜಾ ನಾಲ್ಕು ಜನಕ್ಕೆ ಕಾಣುವಂತಿರಬೇಕು, ನಡುವೆ ಕಡಿದಿರಬಾರದು, ನಿಮ್ಮ ಹಕ್ಕನ್ನು ಅಲ್ಲಗಳೆದೇ ಇರಬೇಕು. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ವಕ್ಫ್ ಮಂಡಳಿಗೂ ಕೇಂದ್ರ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಯಾವ ದಿನ ಒಳಗೆ ಬಂದೆ, ಹೇಗೆ ಬಂದೆ, ಮಾಲೀಕರಿಗೆ ಗೊತ್ತಿತ್ತಾ, ಎಷ್ಟು ಕಾಲ ಇದ್ದೆ, ಇದನ್ನೆಲ್ಲ ಹೇಳಬೇಕು, ಸಾಬೀತೂ ಮಾಡಬೇಕು.

ನಿಮ್ಮ ಒಪ್ಪಿಗೆಯಿಂದ ಒಳಗೆ ಬಂದವರು 12 ಅಲ್ಲ, 40 ವರ್ಷ ಉಳುಮೆ ಮಾಡಿದರೂ ಅದು ಪ್ರತಿಕೂಲ ಆಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಗದ್ದೆ ಲೀಸಿಗೆ ಕೊಡುವುದು ಜಾಸ್ತಿ. ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೆ 1974ರ ತಿದ್ದುಪಡಿ ಆದಾಗಿನಿಂದ ಸೈನಿಕರಂಥ ಕೆಲವರಿಗೆ ಬಿಟ್ಟು ಉಳಿದವರಿಗೆ ಅವಕಾಶ ಇಲ್ಲ. ಹಾಗಾಗಿ ಎಲ್ಲ ಬಾಯಿಮಾತಲ್ಲೇ ನಡೆಯುತ್ತದೆ. ಮಾತಾಡಿದವರು ಇಬ್ಬರೂ ತೀರಿಹೋದ ಮೇಲೆ ಮಕ್ಕಳು ಕೋರ್ಟಿಗೆ ಬರುತ್ತಾರೆ. ಒಪ್ಪಿಗೆ ಇತ್ತು ಅನ್ನುವುದಕ್ಕೆ ಏನಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ಪಾಲಿಗೆ ಮಾಡಿದವರು, ನೋಡಿಕೊಳ್ಳಲಿ ಅಂತ ಬಿಟ್ಟ ಬೀಗರು, ಖರೀದಿ ಕರಾರು ಮಾಡಿಕೊಂಡು ಕ್ರಯ ಆಗದೇ ಒಳಗಿರುವವರು, ಇವರೆಲ್ಲರದೂ ಒಪ್ಪಿಗೆಯ ಕಬ್ಜಾ. ಆದರೆ ಒಂದು ದಿನ ಅವರು "ಹೊಲ ನಮ್ಮದೇ, ಹೋಗ್ರಿ" ಅಂತ ಎಲ್ಲರೆದುರು ಅಂದರೆ ಆ ದಿನವನ್ನು ಬರೆದಿಟ್ಟುಕೊಳ್ಳಿ. ಗಡಿಯಾರ ಅಲ್ಲಿಂದ ಓಡುತ್ತದೆ.

ಹೊಲ ಭೋಗ್ಯಕ್ಕೆ ಹಾಕಿ ಅಜ್ಜ ತೀರಿಹೋದ. ಈಗ ಬಿಡಿಸಿಕೊಳ್ಳಬಹುದಾ?

ಅಡಮಾನ ಬಿಡಿಸಲು ಸಾಮಾನ್ಯ ಗಡುವು 30 ವರ್ಷ. ಆದರೆ ಹೊಲದ ಉತ್ಪನ್ನವನ್ನೇ ಬಡ್ಡಿಗೆ ಅನುಭವಿಸುವ ಭೋಗ್ಯಕ್ಕೆ ಭೋಗ್ಯ ಬರೆದ ದಿನದಿಂದ ಎಣಿಕೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಸಾಲ ತೀರಿದ ಮೇಲೆ ಲೆಕ್ಕ. ಭೋಗ್ಯ ಪತ್ರ ಹುಡುಕಿ, ಇಲ್ಲದಿದ್ದರೆ ನೋಂದಣಿ ಕಚೇರಿಯಲ್ಲಿ ನಕಲು ಕೇಳಿ.

ನಾವು ಗುಳೆ ಹೋಗಿದ್ದೆವು. ಹೊಲಕ್ಕೆ ಬೇರೆಯವರು ಹೊಕ್ಕಿದ್ದು ಗೊತ್ತೇ ಆಗಲಿಲ್ಲ. ಗೊತ್ತಾದ ದಿನದಿಂದ ಲೆಕ್ಕ ಅಲ್ವಾ?

ಅಲ್ಲ. ನನಗೆ ಅತ್ಯಂತ ಸಂಕಟ ಕೊಡುವ ಪ್ರಶ್ನೆ ಇದು. ಬರ ಬಿದ್ದಾಗ ಊರು ಬಿಟ್ಟು ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು, ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ದೇವರಿಗೆ ಕಾಯಿ ಒಡೆದು ಹೋಗುತ್ತಾರೆ. ಹೊಲದ ಕಡೆ ಹೆಜ್ಜೆ ಹಾಕುವುದಿಲ್ಲ. ಕಬ್ಜಾ ಬಯಲಲ್ಲೇ ಇದ್ದರೆ, ಬಂದು ನೋಡಿದ್ದರೆ ನಿಮಗೆ ಕಾಣುತ್ತಿತ್ತು ಅಂತ ಕೋರ್ಟ್ ಹೇಳುತ್ತದೆ. ಹಾಗಾಗಿ ಊರಿಗೆ ಬಂದಾಗ ಅರ್ಧ ದಿನ ಹೊಲಕ್ಕೆ ಹೋಗಿ. ಫೋನಲ್ಲಿ ಫೋಟೊ ತೆಗೆಯಿರಿ, ಅದರಲ್ಲಿ ತಾರೀಕು ಇರುತ್ತದೆ. ಅಳಿಯನಿಗೋ ಭಾಗಾದಿಗೋ ಬಿಟ್ಟು ಹೋಗುವುದಾದರೆ "ನೋಡಿಕೊಳ್ಳಲು ಕೊಟ್ಟಿದ್ದೇನೆ" ಅಂತ ಎರಡು ಸಾಲು ಬರೆದು ಅವರ ಸಹಿ ಮಾಡಿಸಿ. ಸಂಬಂಧದಲ್ಲಿ ಇದೆಲ್ಲ ಏನು ಚೆಂದ ಅಂತೀರಿ. ಆಮೇಲೆ ಕಟಕಟೆಯಲ್ಲಿ ನಿಲ್ಲುವುದೂ ಚೆಂದ ಇರುವುದಿಲ್ಲ.

ಮೋಸ ಮಾಡಿ ಮುಚ್ಚಿಟ್ಟಿದ್ದರೆ ಮಾತ್ರ ಲಿಮಿಟೇಶನ್ ಕಾಯ್ದೆಯ 17ನೇ ಕಲಂ ಪ್ರಕಾರ ಮೋಸ ಗೊತ್ತಾದ ದಿನದಿಂದ ಎಣಿಸಬಹುದು. ಹೊಲ ಉತ್ತಿದ್ದನ್ನು ಮುಚ್ಚಿಡುವುದು ಕಷ್ಟ. ಕಾಗದದ ಮೋಸಕ್ಕೆ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಪೊಲೀಸ್ ಠಾಣೆ, ಊರ ಪಂಚಾಯ್ತಿ ಅಂತ 8 ವರ್ಷ ಅಲೆದಿದ್ದೇನೆ. ಅಷ್ಟು ವರ್ಷ ಕಳೆಯುತ್ತಾರಾ?

ಕಳೆಯುವುದಿಲ್ಲ. ಗಡಿಯಾರ ನಿಲ್ಲಿಸುವುದು ಸಿವಿಲ್ ಕೋರ್ಟಿನಲ್ಲಿ ಹಾಕಿದ ಕಬ್ಜಾದ ದಾವೆ ಮಾತ್ರ. ಠಾಣೆಗೆ ಕೊಟ್ಟ ಅರ್ಜಿ, ವಕೀಲರ ನೋಟಿಸ್, ಹಿರಿಯರು ಕಟ್ಟೆ ಮೇಲೆ ಕೂತು ಮಾಡಿದ ನ್ಯಾಯ, ಇವೆಲ್ಲ ಮುಂದೆ ಸಾಕ್ಷಿಗೆ ಬರಬಹುದು, ಆದರೆ ಒಂದು ದಿನವನ್ನೂ ಹಿಡಿದಿಡುವುದಿಲ್ಲ.

ಮುಟೇಷನ್ (ಖಾತೆ ಬದಲಾವಣೆ) ತಕರಾರು, ಎಸಿ ಮುಂದೆ ಕಂದಾಯ ಕಾಯ್ದೆಯ 136ನೇ ಕಲಂ ಮೇಲ್ಮನವಿ, ಅದರ ಮೇಲೆ ಡಿಸಿ, ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೆ ಬರುವ ಆದೇಶದಲ್ಲಿ "ಹಕ್ಕಿನ ವಿಷಯಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗತಕ್ಕದ್ದು" ಅಂತ ಒಂದು ಸಾಲು ಇರುತ್ತದೆ. ಕಂದಾಯ ಅಧಿಕಾರಿಗಳಿಗೆ ಮಾಲೀಕತ್ವ ತೀರ್ಮಾನಿಸುವ ಅಧಿಕಾರವೇ ಇಲ್ಲ. ಆ ಸಾಲು ಓದುವ ಹೊತ್ತಿಗೆ ಹತ್ತೋ ಹನ್ನೊಂದೋ ವರ್ಷ ಆಗಿರುತ್ತದೆ. ಹಾಗಾಗಿ ಖಾತೆಯ ಜಗಳ ಅದರ ಪಾಡಿಗೆ ನಡೆಯಲಿ, ಸಿವಿಲ್ ದಾವೆಯನ್ನೂ ಜೊತೆಗೇ ಹಾಕಿ.

ಲಿಮಿಟೇಶನ್ ಕಾಯ್ದೆಯಲ್ಲಿ 14ನೇ ಕಲಂ ಅಂತ ಒಂದು ಇದೆ. ಅಧಿಕಾರ ವ್ಯಾಪ್ತಿ ಇಲ್ಲದ ಕೋರ್ಟಿನಲ್ಲಿ ಅದೇ ಪರಿಹಾರಕ್ಕಾಗಿ ಪ್ರಾಮಾಣಿಕವಾಗಿ ದಾವೆ ನಡೆಸಿದ್ದರೆ ಆ ಕಾಲ ಕಳೆಯುತ್ತಾರೆ. ಎಸಿ ಕಚೇರಿಯ ಖಾತೆ ಕೇಸನ್ನು ಅದರಡಿ ತರಲು ನೋಡಿದ್ದೇವೆ. ಅದರ ಮೇಲೆ ಭರವಸೆ ಇಡಬೇಡಿ.

ಇನ್ನೊಂದು ತಪ್ಪು, ಇದು ನಮ್ಮ ವಕೀಲರದ್ದೇ. ಹೊಲ ಎದುರಿನವರ ಕೈಯಲ್ಲಿದ್ದರೂ ಬರೀ ತಡೆಯಾಜ್ಞೆ ದಾವೆ ಹಾಕುವುದು. ಕಬ್ಜಾ ನಿಮ್ಮಲ್ಲಿಲ್ಲ ಅಂದ ಮೇಲೆ ಯಾವುದನ್ನು ತಡೆಯಬೇಕು? ಆರು ವರ್ಷ ನಡೆದು ವಜಾ ಆಗುತ್ತದೆ. ಮಾಲೀಕತ್ವ ಘೋಷಿಸಿ, ಕಬ್ಜಾ ಕೊಡಿಸಿ ಅಂತ ಮೊದಲೇ ಕೇಳಬೇಕು. ಸುಪ್ರೀಂ ಕೋರ್ಟಿನ 2008ರ ಅನಾಥುಲ ಸುಧಾಕರ್ ತೀರ್ಪು ಇದನ್ನೇ ಹೇಳುತ್ತದೆ.

ಪಕ್ಕದವರು ವರ್ಷಕ್ಕೊಂದು ಸಾಲು ಒತ್ತುತ್ತಾ ಬಂದಿದ್ದಾರೆ. ಯಾವ ದಿನ ಅಂತ ಹೇಳೋದು?

ನಮ್ಮ ಕರಿಮಣ್ಣಿನ ಹೊಲದಲ್ಲಿ ಒತ್ತುವರಿ ಆಗುವುದೇ ಹೀಗೆ. ಮುಂಗಾರಿಗೆ ಮೊದಲು ಟ್ರ್ಯಾಕ್ಟರ್ ತಿರುಗಿಸುವಾಗ ಗಾಲಿ ಒಂದು ಗೇಣು ಬದುವಿನ ಮೇಲೆ ಹತ್ತುತ್ತದೆ. ಮರುವರ್ಷ ಇನ್ನೊಂದು ಗೇಣು. ಬದು ಸವೆದು ಸವೆದು, ಅದರ ಮೇಲಿನ ಜಾಲಿ ಗಿಡ ಒಂದು ದಿನ ಅವರ ಹೊಲದ ನಡುವೆ ನಿಂತಿರುತ್ತದೆ. ಅಷ್ಟೊತ್ತಿಗೆ ಬಾಂದು ಕಲ್ಲೂ ಮಾಯ.

ಇಲ್ಲಿ ಪೂರ್ತಿ ತುಂಡಿಗೆ ಒಂದೇ ದಿನ ಹೇಳಲು ಆಗುವುದಿಲ್ಲ. ಎದುರಿನವರಿಗೂ ಅದೇ ಕಷ್ಟ. ಯಾವ ಗುಂಟೆ ಯಾವ ವರ್ಷ ಅಂತ ಅವರು ಸಾಬೀತು ಮಾಡಬೇಕಲ್ಲ! ಮೊದಲು ಹದ್ದುಬಸ್ತಿಗೆ (ಹೊಲದ ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಹಾಕಿ. ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರಬಂದ್ ನಕಲು ತೆಗೆಸಿ. ಬಳ್ಳಾರಿ ಕಡೆಯವರು ಸೆಂಟ್ ಲೆಕ್ಕದಲ್ಲಿ ಮಾತಾಡುತ್ತಾರೆ. ಎಕರೆಗೆ 100 ಸೆಂಟ್, ಗುಂಟೆಯಾದರೆ 40. ಎರಡನ್ನೂ ಬೆರೆಸಿ ದಾವೆಯಲ್ಲಿ ಬರೆದು ಪಜೀತಿ ಮಾಡಿಕೊಂಡವರಿದ್ದಾರೆ. ಸರ್ವೆಯವರ ವರದಿ ಒತ್ತುವರಿ ತೋರಿಸುತ್ತದೆ, ಬಿಡಿಸಿ ಕೊಡುವುದಿಲ್ಲ. ಅದನ್ನು ಹಿಡಿದು ಸಿವಿಲ್ ಕೋರ್ಟಿಗೆ ಬರಬೇಕು. ಅಲ್ಲಿ ಬೇಕಾದರೆ ಕೋರ್ಟ್ ಕಮಿಷನರ್ ನೇಮಿಸಿ ಮತ್ತೆ ಅಳೆಸುತ್ತದೆ.

ಹೊಲ ನಮ್ಮಣ್ಣನ ಕೈಯಲ್ಲಿದೆ. ನಮಗೂ 12 ವರ್ಷನಾ?

ಒಟ್ಟು ಕುಟುಂಬದ ಹೊಲ ಒಬ್ಬ ಅಣ್ಣ ಉತ್ತರೂ ಎಲ್ಲರ ಪರವಾಗಿ ಉತ್ತ ಹಾಗೆ. ನಿಮಗೆ ಪಾಲಿಲ್ಲ ಅಂತ ಹೊರಗಿಟ್ಟಿದ್ದು ನಿಮಗೆ ಗೊತ್ತಾದ ದಿನದಿಂದ 12 ವರ್ಷ. ಇದು 110ನೇ ಅನುಚ್ಛೇದ. ನೋಡಿ, ಇಲ್ಲಿ "ಗೊತ್ತಾದ ದಿನ" ಲೆಕ್ಕಕ್ಕೆ ಬರುತ್ತದೆ. ಅಕ್ಕತಂಗಿಯರಿಗೂ ಇದೇ. ತವರಿನ ಮುಖ ನೋಡಿ ಸುಮ್ಮನಿದ್ದರೆ ಅದೊಂದರಿಂದಲೇ ಹಕ್ಕು ಹೋಗುವುದಿಲ್ಲ. ಆದರೆ ಪಾಲು ಕೇಳಿ, ಅಣ್ಣ ಇಲ್ಲ ಅಂದ ಮೇಲೆ ಮತ್ತೆ ಹತ್ತಾರು ವರ್ಷ ಸುಮ್ಮನಿರಬೇಡಿ.

ಆಗ ನಾನು ಮೈನರ್ ಇದ್ದೆ.

ನಿಮ್ಮ ಹೊಲ ಹೋದಾಗ ನಿಮಗೆ 4 ವರ್ಷ ಅಂದುಕೊಳ್ಳಿ. 12 ವರ್ಷದ ಗಡುವು 16ಕ್ಕೇ ಮುಗಿಯುತ್ತದೆ. ಆದರೆ 18 ತುಂಬಿದ ಮೇಲೆ ಇನ್ನೂ 3 ವರ್ಷ, ಅಂದರೆ 21ರವರೆಗೆ ಅವಕಾಶ. ಆಗ ನಿಮಗೆ 10 ಆಗಿದ್ದರೆ ಸಾಮಾನ್ಯ ಗಡುವೇ 22ರವರೆಗೆ ಇರುತ್ತದೆ. ಅಪ್ಪ ಬದುಕಿದ್ದಾಗಲೇ ಗಡಿಯಾರ ಶುರುವಾಗಿದ್ದರೆ ಮಾತ್ರ ನಿಮ್ಮ ವಯಸ್ಸಿಗಾಗಿ ಅದು ನಿಲ್ಲುವುದಿಲ್ಲ. ಮೈನರ್ ಇದ್ದಾಗ ಪೋಷಕರು ಹೊಲ ಮಾರಿದ್ದರೆ, ಆ ಮಾರಾಟ ರದ್ದು ಮಾಡಿಸಲು ವಯಸ್ಕರಾದ ಮೇಲೆ 3 ವರ್ಷ.

ಮೋಸದಿಂದ ಕ್ರಯಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಅದಕ್ಕೂ 12?

ಇಲ್ಲ, ಅದಕ್ಕೆ 3 ವರ್ಷ. ಪತ್ರ ರದ್ದು ಮಾಡಿಸುವುದಕ್ಕೆ ಮೋಸ ಗೊತ್ತಾದ ದಿನದಿಂದ ಎಣಿಕೆ. ನೀವು ಸಹಿಯನ್ನೇ ಹಾಕಿಲ್ಲ, ಯಾರೋ ನಿಮ್ಮ ಹೆಸರಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ ಅಂದರೆ ವಾದ ಬೇರೆ. ಆಗಲೂ ಮೂರು ವರ್ಷ ದಾಟಿಸಬೇಡಿ ಅನ್ನುತ್ತೇನೆ.

ಸರ್ಕಾರಿ ಜಮೀನಿಗೆ?

ಸರ್ಕಾರ ತನ್ನ ಜಮೀನು ಬಿಡಿಸಲು ದಾವೆ ಹಾಕುವ ಗಡುವು 30 ವರ್ಷ. ಅದೂ ಅಲ್ಲದೆ ದಾವೆ ಇಲ್ಲದೆಯೇ ಕಂದಾಯ ಕಾಯ್ದೆಯಡಿ ತೆರವು ಮಾಡುವ ಅಧಿಕಾರ ಇದೆ. ಬಗರ್ ಹುಕುಂ ಸಾಗುವಳಿದಾರರು (ಮಂಜೂರಾಗದೆ ಸರ್ಕಾರಿ ಜಮೀನು ಉಳುವವರು) ಪ್ರತಿಕೂಲ ಸ್ವಾಧೀನ ಅಂತ ಹೋಗುವುದಕ್ಕಿಂತ ನಮೂನೆ 57ರಂಥ ಸಕ್ರಮದ ಅರ್ಜಿ ಏನಾಯ್ತು ಅಂತ ವಿಚಾರಿಸುವುದು ಲೇಸು.

ಉಲ್ಟಾ ಪ್ರಶ್ನೆಯೂ ಬರುತ್ತದೆ. ನಮ್ಮ ಹೊಲದಲ್ಲಿ ಉಪಕಾಲುವೆಯೋ ರಸ್ತೆಯೋ ಹೋಗಿದೆ, ಪರಿಹಾರ ಕೊಟ್ಟಿಲ್ಲ, ತುಂಬ ವರ್ಷ ಆಯ್ತು ಅಂತ. ಹಿಮಾಚಲದ ವಿದ್ಯಾದೇವಿ ಅವರ ಪ್ರಕರಣದಲ್ಲಿ 1967-68ರಲ್ಲಿ ರಸ್ತೆಗೆ ಹೋದ ಜಮೀನಿಗೆ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಪ್ರಜೆಗಳ ಜಮೀನಿನ ಮೇಲೆ ಸರ್ಕಾರ ಪ್ರತಿಕೂಲ ಸ್ವಾಧೀನದ ಮಾತಾಡುವಂತಿಲ್ಲ ಅಂದಿತು. ಇದಕ್ಕೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಸಿವಿಲ್ ದಾವೆಯಾದರೆ ಸರ್ಕಾರಕ್ಕೆ ಮೊದಲು 2 ತಿಂಗಳ ನೋಟಿಸ್ ಕೊಡಬೇಕು. ಆ ಅವಧಿ ಗಡುವಿನಿಂದ ಕಳೆಯುತ್ತದೆ.

ಪಿಟಿಸಿಎಲ್ ಜಮೀನಿಗೂ 12 ವರ್ಷನಾ?

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಿದ್ದರೆ ಎಸಿ ಮುಂದೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅರ್ಜಿ ಹಾಕಬೇಕು. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿ ಇಲ್ಲ ಅನ್ನುತ್ತದೆ. ಆಮೇಲೂ ಹೈಕೋರ್ಟ್ ವಿಪರೀತ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಕಾಯ್ದೆ ಇದೆ ಅಂತ ಕಾಯುತ್ತಾ ಕೂರಬೇಡಿ.

ತಡ ಆಯ್ತು, ಮನ್ನಿಸಿ ಅಂತ ಕೋರ್ಟನ್ನು ಕೇಳಬಹುದಾ?

ಅಪೀಲಿಗೆ ಕೇಳಬಹುದು. ಮೂಲ ದಾವೆಗೆ ಇಲ್ಲ. ಎದುರಿನವರು ಬಾಯಿ ಬಿಡದಿದ್ದರೂ ಗಡುವು ಮೀರಿದ ದಾವೆಯನ್ನು ಕೋರ್ಟ್ ತಾನಾಗಿ ವಜಾ ಮಾಡಬೇಕು ಅಂತ ಲಿಮಿಟೇಶನ್ ಕಾಯ್ದೆಯ 3ನೇ ಕಲಂ ಇದೆ. ಕೊನೇ ದಿನ ಭಾನುವಾರವೋ ಬೇಸಿಗೆ ರಜೆಯೋ ಆಗಿದ್ದರೆ ಕೋರ್ಟ್ ತೆರೆದ ದಿನ ಹಾಕಬಹುದು, ಅಷ್ಟೇ ರಿಯಾಯಿತಿ. ಕೋವಿಡ್ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿ ಬಿಟ್ಟು ಎಣಿಸಲು ಸುಪ್ರೀಂ ಕೋರ್ಟ್ ಆದೇಶ ಇದೆ. ತಡವಾಗಿದ್ದವರಿಗೆ ಅದು ವಾದಕ್ಕೆ ಬರುತ್ತದೆ. ತಡವಾಗದವರು ಅದನ್ನು ನಂಬಿ ಕೂರುವುದು ಬೇಡ.

ಯಾವ ಹಳೇ ದಾಖಲೆ ತರಬೇಕು?

ಇದು ನೀವು ಯಾವ ಜಿಲ್ಲೆಯವರು ಅನ್ನುವುದರ ಮೇಲೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲದ ಜಮೀನು ದಾಖಲೆಗಳಾದ ಸೇತ್ವಾರ್, 1954-55ರ ಖಾಸ್ರಾ ಪಹಣಿ ಕೇಳಿ. ತುಂಬ ಹಳೆಯವು ಉರ್ದುವಿನಲ್ಲಿರುತ್ತವೆ, ಕೋರ್ಟಿಗೆ ಅನುವಾದ ಬೇಕು. ಅನುವಾದ ಮಾಡುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಇದನ್ನು ಮೊದಲು ಮಾಡಿಸಿ. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಕಾಗದಕ್ಕೆ ರಾಯಚೂರಿಗೂ ಹೋಗಬೇಕಾಗಬಹುದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು. ಅಲ್ಲಿನವರು ಪಟ್ಟಾ, ಅಡಂಗಲ್ (ಸಾಗುವಳಿ ದಾಖಲೆ) ಹುಡುಕಬೇಕು.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಗೆದ್ದ ಮೇಲೂ ಗಡುವು ಇದೆಯಂತೆ, ಹೌದಾ?

ಹೌದು. ಕಬ್ಜಾದ ಡಿಕ್ರಿ (ಗೆದ್ದ ದಾವೆಯ ಕೋರ್ಟ್ ಆದೇಶ) ಜಾರಿ ಮಾಡಿಸಲು 12 ವರ್ಷ. ಕಟ್ಟಿದ್ದನ್ನು ಕೆಡವಿ ಅನ್ನುವಂಥ ಕಡ್ಡಾಯ ಆಜ್ಞೆಯಾದರೆ ಬರೀ 3. ಡಿಕ್ರಿಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದವರನ್ನು ಕಂಡಿದ್ದೇನೆ.

ಆ ಗೊಬ್ಬರದ ಚೀಲದ ರೈತರ ಕೇಸು ಏನಾಯ್ತು?

2005ರಿಂದ ಎಣಿಸಿದರೆ 2017ಕ್ಕೇ ಮುಗಿದ ಕತೆ. ಕೈ ಚೆಲ್ಲಿ ಕೂತಿದ್ದೆ. ನಮ್ಮ ಗುಮಾಸ್ತರು ಚೀಲ ಮಗುಚಿ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದರು. ಎರಡು ರಸೀದಿಗಳ ನಡುವೆ ನೋಟ್‌ಬುಕ್ಕಿನ ಅರ್ಧ ಹಾಳೆ ಅಂಟಿಕೊಂಡಿತ್ತು. 2014ರದ್ದು. "ಇನ್ನೆರಡು ಬೆಳೆ ತಕ್ಕೊಂಡು ನಿಮ್ಮ ಹೊಲ ನಿಮಗೆ ಬಿಟ್ಟುಕೊಡುತ್ತೇನೆ" ಅಂತ ಪಕ್ಕದ ಹೊಲದವರೇ ಬರೆದು ಸಹಿ ಹಾಕಿದ್ದರು. ಗಡುವು ಮುಗಿಯುವ ಮೊದಲೇ ಹೀಗೆ ಬರಹದಲ್ಲಿ ಒಪ್ಪಿಕೊಂಡರೆ, ಲಿಮಿಟೇಶನ್ ಕಾಯ್ದೆಯ 18ನೇ ಕಲಂ ಪ್ರಕಾರ ಸಹಿ ಮಾಡಿದ ದಿನದಿಂದ ಹೊಸ 12 ವರ್ಷ. ಅದಕ್ಕಿಂತ ಹೆಚ್ಚಾಗಿ, ಅವರ ಕಬ್ಜಾ ವಿರುದ್ಧವಾಗಿರಲೇ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

"ಇದು ಯಾಕೆ ಮೊದಲೇ ತೋರಿಸಲಿಲ್ಲ ಯಜಮಾನ್ರೆ?" ಅಂದೆ. "ಅದರ ಮೇಲೆ ಸರ್ಕಾರದ ಸೀಲ್ ಇಲ್ಲಲ್ರಿ" ಅಂದರು.

ದಾವೆ ಹಾಕಿದೆವು. ಸಹಿ ನನ್ನದಲ್ಲ ಅಂತ ಎದುರಿನವರು ಹೇಳಿದ್ದಾರೆ. ಹಾಳೆ ಈಗ ಸಹಿ ತಜ್ಞರ ಹತ್ತಿರ ಇದೆ.